ಸ್ಟೀರಿಂಗ್ ನಡುಗುತ್ತಿದ್ದರೆ ಕೋನ ಮುಟ್ಟುವ ಮುಂಚೆ ಪ್ಲೇ ಹುಡುಕಿ

60 ಕಿಲೋಮೀಟರ್ ವೇಗದಲ್ಲಿ ಆರಾಮಾಗಿ ಹೋಗುತ್ತಿರುತ್ತೀರಿ. ರಸ್ತೆಯಲ್ಲಿ ಒಂದು ಸಣ್ಣ ಗುಂಡಿ, ಎಡಗಡೆ ಚಕ್ರ ಇಳಿದು ಏಳುತ್ತದೆ. ಅಷ್ಟಕ್ಕೇ ಮುಂದಿನ ಎರಡೂ ಚಕ್ರಗಳು ಎಡಕ್ಕೆ ಬಲಕ್ಕೆ ಒದ್ದಾಡಲು ಶುರು ಮಾಡುತ್ತವೆ, ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ, ಬಾನೆಟ್ ಗಡಗಡ ನಡುಗುತ್ತದೆ, ಕಾರು ಹೆಚ್ಚುಕಮ್ಮಿ ನಿಲ್ಲುವ ತನಕ ಅದು ಬಿಡುವುದೇ ಇಲ್ಲ. ಬೀಮ್ ಆಕ್ಸಲ್ (ಮುಂದಿನ ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ತೊಲೆ) ಇರುವ ಹಳೆ ಕಾರು ಅಥವಾ ಹಾಟ್ ರಾಡ್ (ಹಳೆ ಕಾರನ್ನು ಮಾರ್ಪಡಿಸಿ ಕಟ್ಟಿದ ಗಾಡಿ) ಓಡಿಸಿದವರಿಗೆ ಈ ಭಯ ಗೊತ್ತು. ಇದಕ್ಕೆ ಶಿಮ್ಮಿ ಅನ್ನುತ್ತಾರೆ, ಜೋರಾಗಿದ್ದರೆ ಡೆತ್ ವಾಬಲ್.

ಇದಾದ ಮೇಲೆ ಹೆಚ್ಚಿನವರು ನಡುಕ ತಡೆಯಲು ಒಂದು ಸ್ಟೀರಿಂಗ್ ಡ್ಯಾಂಪರ್ ತಂದು ಹಾಕುತ್ತಾರೆ. ಕೆಲವರು ನೇರವಾಗಿ ಕ್ಯಾಸ್ಟರ್, ಅಂದರೆ ಕಿಂಗ್‌ಪಿನ್ (ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗಲು ಆಧಾರವಾದ ನಿಂತ ಪಿನ್ನು) ವಾಲಿರುವ ಕೋನ, ಬದಲಿಸಲು ಹೋಗುತ್ತಾರೆ. ಎರಡೂ ಬೇಡ. ಲೂಸ್ ಇರುವ ಕಿಂಗ್‌ಪಿನ್ ಮೇಲೆ ಅಳೆದ ಕೋನಕ್ಕೆ ಬೆಲೆಯೇ ಇಲ್ಲ, ನಿಂತಾಗ ಒಂದು ಕೋನ ಇದ್ದರೆ ಓಡುವಾಗ ಇನ್ನೊಂದು ಇರುತ್ತದೆ. ಮೊದಲು ಪ್ಲೇ, ಅಂದರೆ ಜಾಯಿಂಟುಗಳಲ್ಲಿನ ಸಡಿಲ, ಹುಡುಕಿ ತೆಗೆಯಬೇಕು, ಆಮೇಲೆ ಕೋನ ಅಳೆಯಬೇಕು, ಅದಾದ ಮೇಲೆ ರಾಡುಗಳ ಜೋಡಣೆ ನೋಡಬೇಕು. ಈ ಕ್ರಮ ತಪ್ಪಿಸಿ ನಾನು ಒಂದು ಇಡೀ ಬೇಸಿಗೆ ಕಳೆದಿದ್ದೇನೆ, ಆ ಕಥೆ ಕೆಳಗೆ ಬರುತ್ತದೆ.

ತೊಂದರೆ ಯಾವುದು ಅಂತ ಮೊದಲು ಗುರುತಿಸಿ

"ಸ್ಟೀರಿಂಗ್ ಸರಿ ಇಲ್ಲ" ಅಂದರೆ ಸಾಲದು. ಕಾರು ಏನು ಮಾಡುತ್ತಿದೆ ಅಂತ ಸರಿಯಾಗಿ ನೋಡಿ ಬರೆದಿಟ್ಟುಕೊಳ್ಳಿ. ಗುಂಡಿಗೆ ಬಿದ್ದಾಗ ಶುರುವಾಗಿ ತಾನಾಗೇ ಮುಂದುವರಿಯುವ ನಡುಕ ಶಿಮ್ಮಿ. ಒಂದು ನಿರ್ದಿಷ್ಟ ವೇಗದಲ್ಲಿ ಬಂದು, ವೇಗ ಹೆಚ್ಚಿಸಿದರೆ ಹೋಗುವ ಸಣ್ಣ ಅದುರು ಹೆಚ್ಚಾಗಿ ಚಕ್ರದ ಬ್ಯಾಲೆನ್ಸಿನದು. ನೇರ ರಸ್ತೆಯಲ್ಲೂ ಕಾರು ಅತ್ತ ಇತ್ತ ಅಲೆಯುತ್ತಿದ್ದರೆ, ನೀವು ಸುಮ್ನೆ ಸುಮ್ನೆ ತಿದ್ದುತ್ತಲೇ ಇರಬೇಕಾದರೆ, ಅದು ಬೇರೆ ತೊಂದರೆ. ಉಬ್ಬು ಹತ್ತಿದಾಗ ಸ್ಟೀರಿಂಗ್ ಹಿಡಿದೇ ಇದ್ದರೂ ಕಾರು ಪಕ್ಕಕ್ಕೆ ಹಾರಿದರೆ ಅದು ಬಂಪ್ ಸ್ಟಿಯರ್. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರದಿದ್ದರೆ ಎಲ್ಲೋ ಬಿಗಿಯಾಗಿದೆ, ಇಲ್ಲವೇ ಕ್ಯಾಸ್ಟರ್ ಸಾಲದು. ಬ್ರೇಕ್ ಹಾಕಿದಾಗ ಮಾತ್ರ ಎಳೆದರೆ ಮೊದಲು ಬ್ರೇಕನ್ನೇ ನೋಡಿ, ಅಲ್ಲಿ ಏನೂ ಸಿಗದಿದ್ದರೆ ಆಕ್ಸಲನ್ನು ಹಿಂದಿನಿಂದ ಹಿಡಿದಿರುವ ವಿಶ್‌ಬೋನಿನ ಕೊನೆ ನೋಡಿ.

ಟೈರ್ ವಿಷಯ ಬೇಗ ಮುಗಿಸೋಣ. ಗಾಳಿ ಎರಡೂ ಕಡೆ ಸಮ ಇರಲಿ. ಒಂದೇ ಆಕ್ಸಲ್ ಮೇಲೆ ಒಂದು ರೇಡಿಯಲ್, ಒಂದು ಬಯಾಸ್ ಪ್ಲೈ (ಒಳಗಿನ ದಾರಗಳು ಓರೆಯಾಗಿರುವ ಹಳೆ ಮಾದರಿಯ ಟೈರು) ಹಾಕಲೇಬೇಡಿ. ಬಯಾಸ್ ಪ್ಲೈ ಟೈರು ರಸ್ತೆಯ ಗೆರೆ, ಬಿರುಕುಗಳನ್ನು ಹಿಂಬಾಲಿಸಿ ಹೋಗುವುದು ಅದರ ಸ್ವಭಾವ, ಅದನ್ನು ಅಲೈನ್‌ಮೆಂಟ್ ದೋಷ ಅಂದುಕೊಳ್ಳಬೇಡಿ. ಸೊಟ್ಟ ರಿಮ್, ಒಂದೇ ಕಡೆ ಸವೆದ ಟೈರು ಇದ್ದರೆ ಅದನ್ನು ಬದಲಿಸದೆ ಮುಂದೆ ಹೋಗಬೇಡಿ. ಆಫ್‌ಸೆಟ್ ಬದಲಿಸಿ ಚಕ್ರವನ್ನು ಜಾಸ್ತಿ ಹೊರಗೆ ತಂದಿದ್ದರೆ, ಕಿಂಗ್‌ಪಿನ್ನಿನ ಗೆರೆ ನೆಲ ಮುಟ್ಟುವ ಜಾಗಕ್ಕೂ ಟೈರಿನ ನಡುಗೆರೆಗೂ ದೂರ ಹೆಚ್ಚಾಗಿ, ಪ್ರತಿ ಗುಂಡಿಯ ಪೆಟ್ಟೂ ನೇರ ಕೈಗೆ ಬರುತ್ತದೆ. ನೋಡಲು ಚೆಂದ ಅಂತ ಅಗಲ ಚಕ್ರ ಹಾಕಿದ ಎಷ್ಟೋ ಕಾರುಗಳಲ್ಲಿ ಅರ್ಧ ತೊಂದರೆ ಇದೇ.

ಕೈಯಿಂದ ಹುಡುಕುವ ಕೆಲಸ

ಮುಂಭಾಗವನ್ನು ಆಕ್ಸಲ್ ಕೆಳಗೆ ಜ್ಯಾಕ್ ಕೊಟ್ಟು ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ. ಜ್ಯಾಕ್ ಒಂದನ್ನೇ ನಂಬಿ ಕೆಳಗೆ ಹೋಗಬೇಡಿ. ಈಗ ಟೈರನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಒಳಕ್ಕೆ ಹೊರಕ್ಕೆ ಅಲ್ಲಾಡಿಸಿ. ಟಕ್ ಅಂದರೆ ಎಲ್ಲೋ ಪ್ಲೇ ಇದೆ. ಎಲ್ಲಿ? ಇಲ್ಲೇ ಜನ ಎಡವುವುದು. ಚಕ್ರದ ಬೇರಿಂಗ್ ಲೂಸ್ ಇದ್ದರೂ ಇದೇ ಟಕ್, ಕಿಂಗ್‌ಪಿನ್ ಬುಷ್ ಸವೆದಿದ್ದರೂ ಇದೇ ಟಕ್. ಬೇರೆ ಮಾಡಿ ನೋಡುವುದು ಸುಲಭ: ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿದುಕೊಳ್ಳಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಹಿಡಿದಾಗ ಡ್ರಮ್ಮು ಮತ್ತು ಸ್ಪಿಂಡಲ್ (ಚಕ್ರವನ್ನು ಹೊತ್ತು ಕಿಂಗ್‌ಪಿನ್ ಸುತ್ತ ತಿರುಗುವ ಭಾಗ) ಒಂದಾಗುತ್ತವೆ, ಬೇರಿಂಗಿನ ಪ್ಲೇ ಮಾಯವಾಗುತ್ತದೆ. ಆಗಲೂ ಟಕ್ ಅಂದರೆ ಅದು ಕಿಂಗ್‌ಪಿನ್.

ಬೇರಿಂಗ್ ಆಗಿದ್ದರೆ ಚಕ್ರ ತಿರುಗಿಸುತ್ತಾ ನಟ್ ಬಿಗಿ ಮಾಡಿ, ಆಮೇಲೆ ಸ್ಪ್ಲಿಟ್ ಪಿನ್ನಿನ ಮುಂದಿನ ತೂತು ಸಿಗುವಷ್ಟು ಹಿಂದಕ್ಕೆ ಬಿಡಿ. ಹೊಸ ಸ್ಪ್ಲಿಟ್ ಪಿನ್ ಹಾಕಿ, ಹಳೆಯದನ್ನೇ ನೆಟ್ಟಗೆ ಮಾಡಿ ಹಾಕಬೇಡಿ.

ಕಿಂಗ್‌ಪಿನ್ ಆಗಿದ್ದರೆ ಕೆಲಸ ದೊಡ್ಡದು. ಬೀಮ್ ಆಕ್ಸಲಿನ ಕೊನೆಯ ಕಣ್ಣಿನಲ್ಲಿ ಕಿಂಗ್‌ಪಿನ್ ಗಟ್ಟಿಯಾಗಿ ಕೂತಿರುತ್ತದೆ, ಒಂದು ಸಣ್ಣ ಲಾಕ್ ಪಿನ್ ಅದು ತಿರುಗದ ಹಾಗೆ ಹಿಡಿದಿರುತ್ತದೆ. ಸ್ಪಿಂಡಲ್ ಮೇಲೆ ಕೆಳಗೆ ಎರಡು ಕಂಚಿನ ಬುಷ್‌ಗಳ ಮೇಲೆ ತಿರುಗುತ್ತದೆ. ಕಾರಿನ ಭಾರವನ್ನು ಆಕ್ಸಲಿನ ಕೆಳಗಿರುವ ಥ್ರಸ್ಟ್ ಬೇರಿಂಗ್ ಹೊರುತ್ತದೆ. ಹೊಸ ಬುಷ್ ಒತ್ತಿದ ಮೇಲೆ ಮೇಲಿನದು ಕೆಳಗಿನದು ಎರಡನ್ನೂ ಒಂದೇ ಗೆರೆಯಲ್ಲಿ ರೀಮ್ ಮಾಡಬೇಕು ಅಥವಾ ಹೋನ್ ಮಾಡಬೇಕು, ಅಂದರೆ ಒಳಗೆ ಕೆರೆದು ಪಿನ್ನಿನ ಅಳತೆಗೆ ತರಬೇಕು. ಎಣ್ಣೆ ಹಚ್ಚಿದ ಪಿನ್ನು ಹೆಬ್ಬೆರಳಿನ ಒತ್ತಡಕ್ಕೆ ಒಳಗೆ ಹೋಗಬೇಕು, ಆದರೆ ಅಲ್ಲಾಡಬಾರದು. ಮೇಲಿನ ಸಂದಿಗೆ ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿ ಮೇಲೆ–ಕೆಳಗಿನ ಪ್ಲೇ 0.1 ಮಿಲಿಮೀಟರ್ ಆಸುಪಾಸಿಗೆ ತನ್ನಿ.

ಈಗ ನನ್ನ ಕಥೆ. ನನ್ನ ಕೂಪೆ ಕಾರಿಗೆ ಹೊಸ ಕಿಂಗ್‌ಪಿನ್, ಹೊಸ ಬುಷ್ ಎಲ್ಲ ಹಾಕಿಸಿದ್ದೆ. ಒಂದು ಗ್ಯಾರೇಜಿನಲ್ಲಿ ಮಾಡಿಸಿದ ಕೆಲಸ, ಬುಷ್ ರೀಮಿಂಗ್ ಚೆನ್ನಾಗೇ ಆಗಿತ್ತು. ಆದರೂ ಶಿಮ್ಮಿ ಹೋಗಲಿಲ್ಲ. "ಕಿಂಗ್‌ಪಿನ್ ಹೊಸದು, ಅದಂತೂ ಅಲ್ಲ" ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಹಾಗಾಗಿ ಕ್ಯಾಸ್ಟರ್ ಬದಲಿಸಿದೆ, ಟೋ (ಎರಡು ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರುವ ಅಳತೆ) ಬದಲಿಸಿದೆ, ಟೈರ್ ಬದಲಿಸಿದೆ, ಎರಡು ಚಕ್ರಗಳನ್ನು ಜೊತೆಯಾಗಿ ತಿರುಗಿಸುವ ಟೈ ರಾಡಿನ ಎಂಡ್ ಬದಲಿಸಿದೆ, ಪ್ರತಿ ಸಲ ಸ್ವಲ್ಪ ಕಮ್ಮಿ ಆದ ಹಾಗೆ ಅನ್ನಿಸಿ ಮೂರನೇ ದಿನಕ್ಕೆ ಮತ್ತೆ ಅದೇ. ಕೊನೆಗೆ ಒಂದು ಸಂಜೆ ಚಕ್ರ ಎತ್ತಿ, ಬ್ರೇಕ್ ಹಿಡಿಸಿ, ಗೆಳೆಯನೊಬ್ಬ ಟೈರ್ ಅಲ್ಲಾಡಿಸುವಾಗ ನಾನು ಕೆಳಗೆ ಮಲಗಿ ಆಕ್ಸಲಿನ ಕಣ್ಣಿಗೇ ಟಾರ್ಚ್ ಬಿಟ್ಟು ನೋಡಿದೆ. ಪಿನ್ನು ಆಕ್ಸಲಿನೊಳಗೆ ಹೋಗುವ ಗೆರೆಯಲ್ಲಿ ಗ್ರೀಸು ಇತ್ತು. ಟೈರು ಒಳಗೆ ಹೋದಾಗ ಆ ಗ್ರೀಸಿನ ಗೆರೆ ಸಣ್ಣಗೆ ಬಾಯಿ ಬಿಡುತ್ತಿತ್ತು, ಹೊರಗೆ ಬಂದಾಗ ಮುಚ್ಚುತ್ತಿತ್ತು, ಕೂದಲೆಳೆಯಷ್ಟು. ಬೆರಳಿಟ್ಟರೆ ಗೊತ್ತಾಗುತ್ತಿತ್ತು. ಬುಷ್ ಅಲ್ಲ, ಆಕ್ಸಲಿನ ತೂತೇ ಅಂಡಾಕಾರಕ್ಕೆ ಸವೆದಿತ್ತು, ಹೊಸ ಪಿನ್ನು ಅದರೊಳಗೆ ವಾಲಾಡುತ್ತಿತ್ತು. ತೂತನ್ನು ಬೋರ್ ಮಾಡಿಸಿ ಸ್ಲೀವ್ ಹಾಕಿಸಿದೆ. ಶಿಮ್ಮಿ ಅವತ್ತೇ ನಿಂತಿತು. ಆದ್ದರಿಂದ ಕಿಂಗ್‌ಪಿನ್ ಕಿಟ್ ಹಾಕುವ ಮುಂಚೆ, ಹೊಸ ಪಿನ್ನನ್ನು ಬರೀ ಆಕ್ಸಲಿನ ತೂತಿಗೆ ತಳ್ಳಿ, ಅಲ್ಲಾಡಿಸಿ ನೋಡಿ. ಎರಡು ನಿಮಿಷದ ಕೆಲಸ.

ಇನ್ನೊಂದು ಮಾತು, ಗ್ರೀಸ್ ಹೊಡೆಯುವಾಗ ಚಕ್ರ ಎತ್ತಿ ಹೊಡೆಯಿರಿ. ಕಾರು ನೆಲದ ಮೇಲಿದ್ದರೆ ಭಾರ ಬೀಳುವ ಕಡೆ ಪಿನ್ನು ಬುಷ್‌ಗೆ ಅಂಟಿಕೊಂಡಿರುತ್ತದೆ, ಗ್ರೀಸ್ ಬೇಕಾದ ಜಾಗಕ್ಕೇ ಹೋಗುವುದಿಲ್ಲ.

ಮುಂದೆ ಚಕ್ರಗಳನ್ನು ನೆಲಕ್ಕೆ ಇಳಿಸಿ, ಒಬ್ಬರು ಒಳಗೆ ಕೂತು ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ಅಲ್ಲಾಡಿಸುತ್ತಿರಲಿ. ನೀವು ಸ್ಟೀರಿಂಗ್ ಕಾಲಮ್ಮಿನಿಂದ ಶುರು ಮಾಡಿ ಪ್ರತಿ ಜಾಯಿಂಟಿನ ಮೇಲೂ ಕೈ ಇಟ್ಟು ಬನ್ನಿ. ಕಣ್ಣಿಗೆ ಕಾಣದ ಪ್ಲೇ ಬೆರಳಿಗೆ ಸಿಗುತ್ತದೆ. ಕಾಲಮ್ ಕಪ್ಲಿಂಗ್, ಸ್ಟೀರಿಂಗ್ ಬಾಕ್ಸ್, ಪಿಟ್‌ಮನ್ ಆರ್ಮ್ (ಬಾಕ್ಸಿನಿಂದ ಹೊರಬರುವ ತೋಳು), ಡ್ರ್ಯಾಗ್ ಲಿಂಕಿನ (ಆ ತೋಳಿನಿಂದ ಚಕ್ರದ ಕಡೆಗೆ ಹೋಗುವ ರಾಡು) ಎರಡು ತುದಿ, ಟೈ ರಾಡಿನ ಎರಡು ತುದಿ. ಬಾಕ್ಸನ್ನು ಚಾಸಿಗೆ ಹಿಡಿದಿರುವ ಬೋಲ್ಟನ್ನೂ ಬಿಡಬೇಡಿ. ತೆಳು ಚಾಸಿಗೆ ಬಲಪಟ್ಟಿ ಕೊಡದೆ ಬಾಕ್ಸ್ ಕೂರಿಸಿದ್ದರೆ, ಬಾಕ್ಸಿನ ಜೊತೆ ಚಾಸಿಯ ತಗಡೇ ಬಾಗುವುದನ್ನು ಕಣ್ಣಾರೆ ನೋಡಬಹುದು.

ಬಾಕ್ಸಿನೊಳಗೇ ಪ್ಲೇ ಇದ್ದರೆ, ಅಂದರೆ ಕಾಲಮ್ ತಿರುಗಿದರೂ ಪಿಟ್‌ಮನ್ ಆರ್ಮ್ ತಡವಾಗಿ ಅಲ್ಲಾಡಿದರೆ, ಸೆಕ್ಟರ್ ಶಾಫ್ಟಿನ (ಪಿಟ್‌ಮನ್ ಆರ್ಮ್ ಕೂತಿರುವ ಶಾಫ್ಟು) ಅಡ್ಜಸ್ಟಿಂಗ್ ಸ್ಕ್ರೂ ತಿರುಗಿಸುವ ಆಸೆ ಬರುತ್ತದೆ. ಅದಕ್ಕೂ ಒಂದು ನಿಯಮ ಇದೆ: ಡ್ರ್ಯಾಗ್ ಲಿಂಕ್ ಕಳಚಿ, ಬಾಕ್ಸನ್ನು ಸರಿಯಾಗಿ ನಡುವಿಗೆ ತಂದು, ಅಲ್ಲಿ ಅಡ್ಜಸ್ಟ್ ಮಾಡಬೇಕು. ನಡುವಿನಲ್ಲೇ ಸಂದಿ ಅತಿ ಕಮ್ಮಿ ಇರುವ ಹಾಗೆ ಬಾಕ್ಸ್ ಮಾಡಿರುತ್ತಾರೆ. ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿಟ್ಟು ಬಿಗಿ ಮಾಡಿದರೆ, ನಡುವಿಗೆ ಬಂದಾಗ ಕಚ್ಚಿಕೊಳ್ಳುತ್ತದೆ. ಹಾಗೆ ಕಚ್ಚಿಕೊಂಡ ಬಾಕ್ಸು ಲೂಸ್ ಬಾಕ್ಸಿಗಿಂತ ಅಪಾಯ. ತಿರುವಿನಿಂದ ಸ್ಟೀರಿಂಗ್ ವಾಪಸ್ ಬರುವುದಿಲ್ಲ, ನೇರ ರಸ್ತೆಯಲ್ಲಿ ಕಾರು ಅಲೆಯುತ್ತದೆ, ಜನ ಅದನ್ನು ಕ್ಯಾಸ್ಟರ್ ದೋಷ ಅಂದುಕೊಳ್ಳುತ್ತಾರೆ.

ಅಲೆಯುವ ಕಾರಿನಲ್ಲಿ ಹಿಂದಿನ ಆಕ್ಸಲನ್ನೂ ಒಮ್ಮೆ ನೋಡಿ. ಆಕ್ಸಲನ್ನು ಸ್ಪ್ರಿಂಗಿಗೆ ಕಟ್ಟಿರುವ ಯು–ಬೋಲ್ಟ್ ಸಡಿಲವಾಗಿ ಹಿಂದಿನ ಆಕ್ಸಲ್ ಸ್ವಲ್ಪ ಜರುಗುತ್ತಿದ್ದರೆ ಕಾರನ್ನು ಹಿಂದಿನಿಂದ ತಿರುಗಿಸಿದ ಹಾಗೇ ಆಗುತ್ತದೆ, ತಪ್ಪು ಮಾತ್ರ ಮುಂದಿನ ಚಕ್ರದ ಮೇಲೆ ಬರುತ್ತದೆ.

ಈಗ ಕೋನ

ಪ್ಲೇ ಎಲ್ಲ ಹೋಯಿತು ಅಂತ ಖಾತ್ರಿ ಆದ ಮೇಲೆ ಕ್ಯಾಸ್ಟರ್. ಕಿಂಗ್‌ಪಿನ್ನಿನ ಮೇಲ್ತುದಿ ಹಿಂದಕ್ಕೆ ವಾಲಿರುವುದೇ ಪಾಸಿಟಿವ್ ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕ್ ವಾಲಿರುತ್ತದಲ್ವಾ, ಅದೇ ಲೆಕ್ಕ. ಕಿಂಗ್‌ಪಿನ್ನಿನ ಗೆರೆ ನೆಲ ಮುಟ್ಟುವ ಜಾಗ ಟೈರು ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಇರುತ್ತದೆ, ಹಾಗಾಗಿ ಟೈರು ಹಿಂದೆ ಎಳೆಸಿಕೊಂಡು ಬಂದು ತಾನಾಗೇ ನೇರವಾಗುತ್ತದೆ. ಬೀಮ್ ಆಕ್ಸಲಿನ ಹಾಟ್ ರಾಡಿಗೆ 5ರಿಂದ 7 ಡಿಗ್ರಿ ಚೆನ್ನಾಗಿ ಹೊಂದುತ್ತದೆ. ಕಮ್ಮಿ ಆದರೆ ಕಾರು ಅಲೆಯುತ್ತದೆ. ಜಾಸ್ತಿ ಆದರೆ ನಿಂತಲ್ಲಿ ಸ್ಟೀರಿಂಗ್ ಭಾರ, ಮೇಲಾಗಿ ಶಿಮ್ಮಿಗೂ ದಾರಿ. "ಶಿಮ್ಮಿ ಬಂದರೆ ಕ್ಯಾಸ್ಟರ್ ಹೆಚ್ಚಿಸು" ಅನ್ನುವ ಸಲಹೆಯನ್ನು ಅಳತೆ ಇಲ್ಲದೆ ಪಾಲಿಸಬೇಡಿ, ಮೊದಲೇ 9 ಡಿಗ್ರಿ ಇರಬಹುದು.

ಅಳೆಯುವುದು ಕಷ್ಟವಲ್ಲ. ಸಮತಟ್ಟಾದ ನೆಲ, ಟೈರಿನಲ್ಲಿ ಸರಿ ಗಾಳಿ, ಕಾರಿನಲ್ಲಿ ಎಂದಿನ ಭಾರ. ಆಕ್ಸಲಿನಲ್ಲಿ ಕಿಂಗ್‌ಪಿನ್ ಕೂರುವ ಕಣ್ಣಿನ ಮೇಲಿನ ಚಪ್ಪಟೆ ಭಾಗಕ್ಕೆ ಅಥವಾ ಅದಕ್ಕೆ ಸಮಾನಾಂತರವಾದ ಜಾಗಕ್ಕೆ ಮ್ಯಾಗ್ನೆಟ್ ಇರುವ ಆಂಗಲ್ ಫೈಂಡರ್ ಹಚ್ಚಿ, ಹಿಂದು–ಮುಂದಿನ ದಿಕ್ಕಿನಲ್ಲಿ ಓದಿ. ಎರಡೂ ಕಡೆ ಓದಿ. ಎರಡರ ನಡುವೆ ಅರ್ಧ ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಆಕ್ಸಲ್ ತಿರುಚಿದೆ ಅಥವಾ ವಿಶ್‌ಬೋನ್ ಬಾಗಿದೆ.

ಹಾಟ್ ರಾಡ್ ಕಟ್ಟುವವರು ಮರೆಯುವ ಒಂದು ವಿಷಯ: ರೇಕ್. ಹಿಂದೆ ದೊಡ್ಡ ಟೈರು ಹಾಕಿ ಮೂತಿ ತಗ್ಗಿಸಿದರೆ ಚಾಸಿ ಎಷ್ಟು ಡಿಗ್ರಿ ಮುಂದಕ್ಕೆ ವಾಲಿತೋ ಕ್ಯಾಸ್ಟರ್ ಅಷ್ಟೇ ಕಮ್ಮಿಯಾಗುತ್ತದೆ. ಬೆಂಚ್ ಮೇಲೆ ಚಾಸಿ ಸಮ ಇಟ್ಟು 6 ಡಿಗ್ರಿಗೆ ಬ್ರ್ಯಾಕೆಟ್ ಬೆಸುಗೆ ಹಾಕಿದ್ದೀರಿ ಅಂದುಕೊಳ್ಳಿ. ಆಮೇಲೆ 3 ಡಿಗ್ರಿ ರೇಕ್ ಬಂತು. ರಸ್ತೆಯ ಮೇಲೆ ನಿಮಗೆ ಉಳಿದದ್ದು 3 ಡಿಗ್ರಿ. ಕಾರು ಅಲೆಯುತ್ತದೆ, ಕಾರಣ ಮಾತ್ರ ಸಿಗುವುದಿಲ್ಲ, ಯಾಕೆಂದರೆ ನಿಮ್ಮ ಪುಸ್ತಕದಲ್ಲಿ 6 ಅಂತ ಬರೆದಿದೆ.

ಟೋ–ಇನ್ ಅಂದರೆ ಚಕ್ರಗಳ ಮುಂಭಾಗ ಹಿಂಭಾಗಕ್ಕಿಂತ ಸ್ವಲ್ಪ ಹತ್ತಿರ ಇರುವುದು. 1/16ರಿಂದ 1/8 ಇಂಚು, ಅಂದರೆ ಸುಮಾರು 1.5ರಿಂದ 3 ಮಿಲಿಮೀಟರ್ ಸಾಕು, ರೇಡಿಯಲ್ ಟೈರಿಗೆ ಕಮ್ಮಿ ಕಡೆಗೇ ಇಡಿ. ಚಕ್ರ ಎತ್ತಿ, ತಿರುಗಿಸುತ್ತಾ ಟೈರಿನ ನಡುವೆ ಸೀಮೆಸುಣ್ಣ ಹಚ್ಚಿ, ಅದರ ಮೇಲೆ ಮೊಳೆ ಅಲ್ಲಾಡದಂತೆ ಹಿಡಿದು ತೆಳುವಾದ ಗೆರೆ ಎಳೆಯಿರಿ. ಕಾರು ಇಳಿಸಿ ಸ್ವಲ್ಪ ಮುಂದಕ್ಕೆ ತಳ್ಳಿ, ಚಕ್ರ ತನ್ನ ಜಾಗಕ್ಕೆ ಕೂರಲಿ. ಹಬ್ಬಿನ ಎತ್ತರದಲ್ಲಿ ಗೆರೆಯಿಂದ ಗೆರೆಗೆ ಮುಂದೆ ಅಳೆಯಿರಿ, ಹಿಂದೆ ಅಳೆಯಿರಿ. ವ್ಯತ್ಯಾಸವೇ ಟೋ. ರಿಮ್ ಸೊಟ್ಟ ಇದ್ದರೂ ಈ ಗೆರೆ ಮೋಸ ಮಾಡುವುದಿಲ್ಲ, ಅದಕ್ಕೇ ನನಗೆ ಈ ಹಳೆ ವಿಧಾನದ ಮೇಲೆ ನಂಬಿಕೆ.

ಉಬ್ಬಿಗೆ ಪಕ್ಕಕ್ಕೆ ಹಾರುವ ಕಾರು

ಬಂಪ್ ಸ್ಟಿಯರ್ ಸವೆತದ ರೋಗವಲ್ಲ, ಜೋಡಣೆಯ ರೋಗ. ಎಲ್ಲ ಭಾಗ ಹೊಸದಿದ್ದರೂ ಬರುತ್ತದೆ. ಆಕ್ಸಲ್ ಮೇಲೆ ಕೆಳಗೆ ಹೋಗುವಾಗ ಒಂದು ಕಮಾನಿನಲ್ಲಿ ಚಲಿಸುತ್ತದೆ. ಡ್ರ್ಯಾಗ್ ಲಿಂಕಿನ ತುದಿಯೂ ಒಂದು ಕಮಾನಿನಲ್ಲಿ ಚಲಿಸುತ್ತದೆ. ಎರಡು ಕಮಾನು ಒಂದೇ ಆಗಿದ್ದರೆ ಚಕ್ರ ನೇರ ಇರುತ್ತದೆ. ಬೇರೆ ಬೇರೆ ಆಗಿದ್ದರೆ ನೀವು ಸ್ಟೀರಿಂಗ್ ಎಷ್ಟೇ ಗಟ್ಟಿಯಾಗಿ ಹಿಡಿದರೂ ಚಕ್ರ ತಿರುಗಿಯೇ ತಿರುಗುತ್ತದೆ, ಯಾಕೆಂದರೆ ಲಿಂಕಿನ ಉದ್ದ ಬದಲಾಗುವುದಿಲ್ಲ.

1908ರ ಮಾಡೆಲ್ ಟಿ ಇಂದ 1948ರ ತನಕ ಫೋರ್ಡ್ ಕಾರುಗಳ ಮುಂದೆ ಬೀಮ್ ಆಕ್ಸಲ್, ಅಡ್ಡ ಲೀಫ್ ಸ್ಪ್ರಿಂಗ್ ಇದ್ದವು. ಮಾಡೆಲ್ ಎ, 1932ರ ಕಾರುಗಳಲ್ಲಿ ಡ್ರ್ಯಾಗ್ ಲಿಂಕ್ ಚಾಸಿಯ ಪಕ್ಕದಲ್ಲೇ ಹಿಂದಿನಿಂದ ಮುಂದಕ್ಕೆ ಹೋಗುತ್ತದೆ. ಇದು ಸೈಡ್ ಸ್ಟಿಯರ್. ಇಲ್ಲಿ ಆಕ್ಸಲಿನ ಕಮಾನಿಗೆ ಕೇಂದ್ರ ವಿಶ್‌ಬೋನಿನ ಹಿಂದಿನ ಗುಂಡು. ಡ್ರ್ಯಾಗ್ ಲಿಂಕಿನ ಹಿಂದಿನ ತುದಿಯ ಗುಂಡು ಆ ಕೇಂದ್ರಕ್ಕೆ ಎಷ್ಟು ಹೊಂದಿಕೊಂಡಿದೆಯೋ ಕಾರು ಅಷ್ಟು ನೇರ. ವಿಶ್‌ಬೋನ್ ಸೀಳಿ ಎರಡು ಮಾಡಿ ಚಾಸಿಯ ಪಕ್ಕಕ್ಕೆ ಕಟ್ಟಿದರೆ, ಅಥವಾ ಅದನ್ನು ತೆಗೆದು ಫೋರ್ ಬಾರ್ (ಆಕ್ಸಲನ್ನು ಹಿಡಿಯುವ ನಾಲ್ಕು ರಾಡು) ಹಾಕಿದರೆ ಕೇಂದ್ರ ಬದಲಾಯಿತು, ಬಾಕ್ಸ್ ಮಾತ್ರ ಹಳೆ ಜಾಗದಲ್ಲೇ ಉಳಿಯಿತು. ಫೋರ್ ಬಾರಿನಲ್ಲಿ ಡ್ರ್ಯಾಗ್ ಲಿಂಕು ಆ ಬಾರುಗಳಿಗೆ ಸಮಾನಾಂತರವಾಗಿ, ಹೆಚ್ಚುಕಮ್ಮಿ ಅಷ್ಟೇ ಉದ್ದ ಇದ್ದರೆ ತೊಂದರೆ ಇಲ್ಲ.

ಕ್ರಾಸ್ ಸ್ಟಿಯರ್ ಬೇರೆ. ಇಲ್ಲಿ ಡ್ರ್ಯಾಗ್ ಲಿಂಕ್ ಡ್ರೈವರ್ ಕಡೆಯ ಬಾಕ್ಸಿನಿಂದ ಅಡ್ಡವಾಗಿ ಆಚೆ ಕಡೆಯ ಸ್ಪಿಂಡಲಿಗೆ ಹೋಗುತ್ತದೆ. ಇದಕ್ಕೆ 1970ರ ದಶಕದ ಷೆವರ್ಲೆ ವೆಗಾದ ಬಾಕ್ಸ್ ಹಾಟ್ ರಾಡ್ ಕಟ್ಟುವವರಲ್ಲಿ ತುಂಬಾ ಜನಪ್ರಿಯ. ಆದರೆ ಅಡ್ಡ ಸ್ಪ್ರಿಂಗ್ ಎರಡು ತುದಿಗಳಲ್ಲಿ ಶ್ಯಾಕಲ್ (ತೂಗಾಡುವ ಸಣ್ಣ ಕೊಂಡಿ) ಮೇಲೆ ತೂಗುತ್ತದೆ, ಅಂದರೆ ಚಾಸಿ ಆಕ್ಸಲಿನ ಮೇಲೆ ಎಡಕ್ಕೆ ಬಲಕ್ಕೆ ಜರುಗಬಹುದು. ಈಗ ಸ್ಟೀರಿಂಗ್ ತಿರುಗಿಸಿದರೆ ಡ್ರ್ಯಾಗ್ ಲಿಂಕು ಚಕ್ರವನ್ನು ತಳ್ಳುವ ಮುಂಚೆ ಚಾಸಿಯನ್ನೇ ಆಚೆ ತಳ್ಳುತ್ತದೆ. ಕೈಗೆ ಏನೂ ಸಿಗದ ಹಾಗೆ, ರಬ್ಬರ್ ತಿರುಗಿಸಿದ ಹಾಗೆ ಅನ್ನಿಸುತ್ತದೆ. ರಸ್ತೆಯ ಉಬ್ಬಿಗೆ ಚಾಸಿ ಪಕ್ಕಕ್ಕೆ ಜರುಗಿದರೆ ಚಕ್ರವೂ ತಿರುಗುತ್ತದೆ. ಇದನ್ನು ನೋಡಬೇಕಾದರೆ ಕಾರು ನಿಲ್ಲಿಸಿ, ಒಬ್ಬರು ಸ್ಟೀರಿಂಗ್ ತಿರುಗಿಸುವಾಗ ಎದುರಿಗೆ ಕೂತು ಶ್ಯಾಕಲ್‌ಗಳನ್ನೇ ನೋಡಿ. ಚಕ್ರಕ್ಕಿಂತ ಮೊದಲು ಶ್ಯಾಕಲ್ ಅಲ್ಲಾಡಿದರೆ ಪ್ಯಾನ್‌ಹಾರ್ಡ್ ಬಾರ್ ಬೇಕು, ಅಂದರೆ ಚಾಸಿ ಪಕ್ಕಕ್ಕೆ ಜರುಗದಂತೆ ಅದನ್ನು ಆಕ್ಸಲಿಗೆ ಕಟ್ಟುವ ಅಡ್ಡ ರಾಡು.

ಆ ಬಾರನ್ನೂ ಸುಮ್ನೆ ಎಲ್ಲೋ ಒಂದು ಕಡೆ ಕಟ್ಟಿದರೆ ಆಗುವುದಿಲ್ಲ. ಚಾಸಿಯ ತುದಿ ಸ್ಟೀರಿಂಗ್ ಬಾಕ್ಸ್ ಇರುವ ಕಡೆ, ಆಕ್ಸಲಿನ ತುದಿ ಆಚೆ ಕಡೆ, ಡ್ರ್ಯಾಗ್ ಲಿಂಕಿಗೆ ಸಮಾನಾಂತರ, ಸಾಧ್ಯವಾದಷ್ಟು ಅಷ್ಟೇ ಉದ್ದ. ಆಗ ಎರಡೂ ಒಂದೇ ಕಮಾನಿನಲ್ಲಿ ತೂಗುತ್ತವೆ. ಜಾಗ ಸಿಗಲಿಲ್ಲ ಅಂತ ಗಿಡ್ಡ ಬಾರನ್ನು ಉಲ್ಟಾ ಕಟ್ಟಿದರೆ ಮುಂಚಿಗಿಂತ ಕೆಟ್ಟದಾಗುತ್ತದೆ. ಉದ್ದಕ್ಕೆ ಎರಡು ಲೀಫ್ ಸ್ಪ್ರಿಂಗ್ ಇರುವ ಸ್ಟ್ರೈಟ್ ಆಕ್ಸಲ್ ಕಾರಿನಲ್ಲೂ ಇದೇ ತರ್ಕ: ಸ್ಪ್ರಿಂಗಿನ ಅಲ್ಲಾಡದ ತುದಿ ಮತ್ತು ಪಿಟ್‌ಮನ್ ಆರ್ಮ್ ಆಕ್ಸಲಿನ ಒಂದೇ ಕಡೆ ಇದ್ದರೆ ಒಳ್ಳೆಯದು, ಎದುರು ಬದುರು ಇದ್ದರೆ ಎರಡು ಕಮಾನೂ ಜಗಳ ಆಡುತ್ತವೆ.

ಮುಂದೆ 1974ರಿಂದ 1978ರ ತನಕ ಬಂದ ಫೋರ್ಡ್ ಮಸ್ಟ್ಯಾಂಗ್ 2ರ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಎರಡು ಚಕ್ರಗಳೂ ಬೇರೆ ಬೇರೆಯಾಗಿ ಏಳುವ ಜೋಡಣೆ) ಹಾಕಿದ್ದರೆ, ಅದರದು ರ‍್ಯಾಕ್ ಅಂಡ್ ಪಿನಿಯನ್ ಸ್ಟೀರಿಂಗ್. ಇಲ್ಲಿ ಟೈ ರಾಡಿನ ಒಳ ಜಾಯಿಂಟು ಮೇಲಿನ ಮತ್ತು ಕೆಳಗಿನ ಆರ್ಮುಗಳ ಒಳ ಪಿವಟ್ ಸೇರಿಸುವ ಗೆರೆಯ ಹತ್ತಿರ ಇರಬೇಕು. ಸ್ಪ್ರಿಂಗ್ ತೆಗೆದು, ಚಕ್ರವನ್ನು ಜ್ಯಾಕಿನಿಂದ ಮೇಲೆ ಕೆಳಗೆ ಮಾಡುತ್ತಾ ಟೋ ಎಷ್ಟು ಬದಲಾಗುತ್ತದೆ ಅಂತ ಅಳೆದರೆ ಎಲ್ಲ ಗೊತ್ತಾಗುತ್ತದೆ. ರಬ್ಬರ್ ಬುಷ್‌ಗಳ ಬೋಲ್ಟನ್ನು ಕಾರು ನೆಲದ ಮೇಲೆ ಎಂದಿನ ಎತ್ತರದಲ್ಲಿ ನಿಂತ ಮೇಲೆ ಬಿಗಿ ಮಾಡಿ, ಚಕ್ರ ತೂಗಾಡುವಾಗ ಬಿಗಿ ಮಾಡಿದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ತಿರುವಿನಲ್ಲಿ ಟೈರು ಕಿರುಚಿದರೆ

ನಿಧಾನವಾಗಿ ಪೂರ್ತಿ ತಿರುಗಿಸಿದಾಗ ಮುಂದಿನ ಟೈರು ಉಜ್ಜಿಕೊಂಡು ಹೋದರೆ ಆ್ಯಕರ್‌ಮನ್ ನೋಡಿ. ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಜಾಸ್ತಿ ತಿರುಗಬೇಕು. ಮ್ಯೂನಿಕ್‌ನ ಬಂಡಿ ತಯಾರಕ ಗಿಯೋರ್ಗ್ ಲಾಂಕೆನ್ಸ್‌ಪೆರ್ಗರ್ ಕಂಡುಹಿಡಿದ ವಿಧಾನ ಇದು. 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ರುಡಾಲ್ಫ್ ಆ್ಯಕರ್‌ಮನ್ ಹೆಸರು ಅದಕ್ಕೆ ನಿಂತಿತು. ಪರೀಕ್ಷೆ ಸರಳ: ಕಿಂಗ್‌ಪಿನ್ನಿನಿಂದ ಟೈ ರಾಡ್ ಎಂಡಿನ ಮೂಲಕ ದಾರ ಎಳೆದರೆ ಎರಡೂ ಕಡೆಯ ದಾರ ಹಿಂದಿನ ಆಕ್ಸಲಿನ ನಡುವಿನ ಹತ್ತಿರ ಸೇರಬೇಕು. ಆಯಿಲ್ ಪ್ಯಾನಿಗೆ ತಾಗುತ್ತದೆ ಅಂತ ಸ್ಟೀರಿಂಗ್ ಆರ್ಮುಗಳನ್ನು ಅದಲು ಬದಲು ಮಾಡಿ ಟೈ ರಾಡನ್ನು ಆಕ್ಸಲಿನ ಮುಂದೆ ತಂದವರ ಕಾರಿನಲ್ಲಿ ಇದು ತಲೆಕೆಳಗಾಗಿರುತ್ತದೆ. ಮುಂದೆ ಹಾಕಲೇಬೇಕಾದರೆ ಆರ್ಮಿನ ತುದಿ ಹೊರಕ್ಕೆ, ಚಕ್ರದ ಕಡೆಗೆ ಹೋಗಬೇಕು, ಅಲ್ಲಿ ಬ್ರೇಕ್ ಅಡ್ಡ ಬರುತ್ತದೆ. ಆದ್ದರಿಂದ ಹಿಂದೆಯೇ ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಮುರಿಯುವ ಮುಂಚೆ ನೋಡಬೇಕಾದ್ದು

ಫೋರ್ಜ್ ಮಾಡಿದ ಐ–ಬೀಮ್ ಆಕ್ಸಲ್ ಸ್ವಲ್ಪ ತಿರುಚಿಕೊಳ್ಳುತ್ತದೆ, ಅದರಿಂದ ಸೀಳಿದ ವಿಶ್‌ಬೋನ್ ಜೊತೆ ಹೊಂದಿಕೊಳ್ಳುತ್ತದೆ. ಟ್ಯೂಬ್ ಆಕ್ಸಲ್ ತಿರುಚುವುದಿಲ್ಲ. ಟ್ಯೂಬ್ ಆಕ್ಸಲಿಗೆ ಸೀಳಿದ ವಿಶ್‌ಬೋನ್ ಅಥವಾ ಹೇರ್‌ಪಿನ್ ಆಕಾರದ ರಾಡು ಕಟ್ಟಿದ್ದರೆ, ಒಂದೇ ಚಕ್ರ ಉಬ್ಬು ಹತ್ತಿದಾಗಲೆಲ್ಲ ಆ ತಿರುಚುವ ಬಲ ಬ್ರ್ಯಾಕೆಟ್ಟಿನ ಬೆಸುಗೆಗೆ ಹೋಗುತ್ತದೆ. ಬೆಸುಗೆಯ ಅಂಚನ್ನು ಉಜ್ಜಿ ಒರೆಸಿ, ಕೂದಲಿನಂಥ ಬಿರುಕಿಗೆ ಹುಡುಕಿ. ಬಣ್ಣದ ಮೇಲೆ ತುಕ್ಕಿನ ಸಣ್ಣ ಗೆರೆ ಕಂಡರೆ ಅಲ್ಲಿಗೆ ಕಾರು ನಿಲ್ಲಿಸಿ.

ಸ್ಪಿಂಡಲ್, ಸ್ಟೀರಿಂಗ್ ಆರ್ಮ್, ಪಿಟ್‌ಮನ್ ಆರ್ಮ್ ಇವುಗಳಿಗೆ ಬೆಸುಗೆ ಬೇಡ. ಕ್ರೋಮ್ ಮಾಡಿಸಿ ಆಮೇಲೆ ಸರಿಯಾಗಿ ಬೇಕ್ ಮಾಡದೆ (ಒಲೆಯಲ್ಲಿ ಕಾಯಿಸದೆ) ಬಿಟ್ಟರೆ ಹೈಡ್ರೋಜನ್ ಒಳಗೆ ಸೇರಿ ಗಟ್ಟಿ ಉಕ್ಕು ಪೆಡಸಾಗುತ್ತದೆ, ಬಾಗದೆ ನೇರ ಮುರಿಯುತ್ತದೆ. ಹೊಳಪಿಗಾಗಿ ಸ್ಟೀರಿಂಗ್ ಭಾಗ ಪಣಕ್ಕಿಡುವುದು ನನಗಂತೂ ಒಪ್ಪುವುದಿಲ್ಲ. ಬೇರೆ ಬೇರೆ ಕಾರಿನ ಭಾಗ ಸೇರಿಸಿದಾಗ ಟೈ ರಾಡ್ ಎಂಡಿನ ಟೇಪರ್ (ತುದಿಗೆ ಕಿರಿದಾಗುವ ಆಕಾರ) ಮತ್ತು ತೂತಿನ ಟೇಪರ್ ಒಂದೇನಾ ಅಂತ ನೋಡಿ: ಟೇಪರಿಗೆ ಮಾರ್ಕಿಂಗ್ ನೀಲಿ ಹಚ್ಚಿ, ಕೂರಿಸಿ, ತೆಗೆಯಿರಿ. ನೀಲಿ ಪೂರ್ತಿ ಉದ್ದಕ್ಕೂ ಅಂಟಿದ್ದರೆ ಸರಿ, ಒಂದು ಅಂಚಿಗೆ ಮಾತ್ರ ಅಂಟಿದ್ದರೆ ಆ ಭಾಗ ಬೇಡವೇ ಬೇಡ.

ಇಷ್ಟೆಲ್ಲ ಆದ ಮೇಲೂ ಡ್ಯಾಂಪರ್ ಬೇಕು ಅನ್ನಿಸಿದರೆ ಹಾಕಿ, ಆದರೆ ಮೊದಲು ಅದಿಲ್ಲದೆ ಓಡಿಸಿ ನೋಡಿ. ಡ್ಯಾಂಪರ್ ಇದ್ದೂ ಶಿಮ್ಮಿ ಹುಡುಕುತ್ತಿದ್ದರೆ ಅದನ್ನು ಕಳಚಿಟ್ಟು ಹುಡುಕಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ. 100 ಕಿಲೋಮೀಟರ್ ಆದ ಮೇಲೆ ಮತ್ತೆ ಚಕ್ರ ಎತ್ತಿ, ಬ್ರೇಕ್ ಹಿಡಿಸಿ, ಅಲ್ಲಾಡಿಸಿ ನೋಡಿ. ಯು–ಬೋಲ್ಟು, ಬಾಕ್ಸಿನ ಬೋಲ್ಟು ಇನ್ನೊಮ್ಮೆ ಬಿಗಿ ಮಾಡಿ. ಟೋ ಇನ್ನೊಮ್ಮೆ ಅಳೆಯಿರಿ, ಹೊಸ ಬುಷ್ ಕೂತ ಮೇಲೆ ಅದು ಸ್ವಲ್ಪ ಬದಲಾಗಿರುತ್ತದೆ.